ರ‍್ಯಾಲಿಯಲ್ಲಿ ಎರಡನೇ ಸ್ಥಾನದ ಬೆಲೆ ಎಷ್ಟು?

ಶಿರಸಿಯ ಚಹಾದಂಗಡಿಯಲ್ಲಿ ಮೊಬೈಲ್ ಹಿಡಿದು, ಕೆಲವು ದಿನ ಹಂತ ಹಂತವಾಗಿ ಸಮಯದ ಲೆಕ್ಕದಲ್ಲಿ ನಡೆಯುವ ಕಾರು ಓಟವಾದ ವಿಶ್ವ ರ‍್ಯಾಲಿ ನೋಡುವ ಹುಡುಗರದ್ದು ಯಾವಾಗಲೂ ಒಂದೇ ಜಗಳ. ಗೆಲ್ಲುವ ವೇಗ ಇದ್ದವನು ಕೊನೇ ದಿನ ಯಾಕೆ ನಿಧಾನ ಮಾಡಿದ? ಹೆದರಿದನಾ? ಹೆದರಿಕೆ ಅಲ್ಲ, ಯಾವ ಸ್ಥಾನಕ್ಕೆ ಎಷ್ಟು ಅಂಕ ಎನ್ನುವ ಅಂಕಪಟ್ಟಿ. ಆ ಪಟ್ಟಿ ಎಷ್ಟು ಸಲ ಬದಲಾಗಿದೆ ಎಂದರೆ ಹಳೇ ಅಭಿಮಾನಿಗಳಿಗೂ ಲೆಕ್ಕ ತಪ್ಪುತ್ತದೆ.

ಚಾಂಪಿಯನ್‌ಷಿಪ್ 1973ರಲ್ಲಿ ಶುರುವಾಗಿದ್ದು ಕಾರು ಕಂಪನಿಗಳಿಗಾಗಿ. ಚಾಲಕರಿಗೆ ಪಟ್ಟ ಬಂದಿದ್ದು 1979ರಲ್ಲಿ. ಆ ವರ್ಷ ಕೊನೇ ರ‍್ಯಾಲಿ ಗೆದ್ದವರು ಹನ್ನು ಮಿಕ್ಕೋಲ. ಎರಡನೆಯವರಾಗಿ ಬಂದ ಬ್ಯೋರ್ನ್ ವಾಲ್ಡೆಗಾರ್ಡ್ ವರ್ಷದ ಒಟ್ಟು ಲೆಕ್ಕದಲ್ಲಿ ಒಂದೇ ಅಂಕದಿಂದ ಚಾಂಪಿಯನ್ ಆದರು.

ಅಪಾಯ ಎಂದರೆ ಏನು ಎಂಬುದು ದೇವಿಮನೆ ಘಟ್ಟದಲ್ಲಿ ಬೈಕ್ ಓಡಿಸಿದವರಿಗೆ ಬೇರೆ ಹೇಳಬೇಕಿಲ್ಲ. ತಿರುವಿನ ಅಂಚಿಗೆ ಗರಸು ಚೆಲ್ಲಿದ್ದರೆ ಬ್ರೇಕ್ ಒತ್ತಿದರೂ ಗಾಡಿ ಜಾರುತ್ತದೆ. ರ‍್ಯಾಲಿ ಚಾಲಕ ಅಂಥ ರಸ್ತೆಯಲ್ಲೇ, ಪಕ್ಕದಲ್ಲಿ ಕೂತ ಸಹಚಾಲಕ ಓದುವ ತಿರುವುಗಳ ಟಿಪ್ಪಣಿ ನಂಬಿ, ಮುಂದಿನ ತಿರುವು ಕಾಣುವ ಮೊದಲೇ ಒಳಗೆ ನುಗ್ಗುತ್ತಾನೆ. ಒಳ ಅಂಚನ್ನು ಇನ್ನೊಂದು ಅಡಿ ಕತ್ತರಿಸಿದರೆ ಅರ್ಧ ಸೆಕೆಂಡ್ ಲಾಭ. ಅಲ್ಲೊಂದು ಗುಂಡಿ ಇದ್ದರೆ ಆಟ ಮುಗಿಯಿತು.

2001ರ ಕೊನೇ ರ‍್ಯಾಲಿಯಲ್ಲಿ, ಬ್ರಿಟನ್ನಿನ ವೇಲ್ಸ್ ಕಾಡಿನಲ್ಲಿ ಆಗಿದ್ದು ಹಾಗೆಯೇ. ಕಾಲಿನ್ ಮೆಕ್ರೇ ಬಳಿ 42 ಅಂಕ, ರಿಚರ್ಡ್ ಬರ್ನ್ಸ್ ಬಳಿ 40. ಮೆಕ್ರೇ ರ‍್ಯಾಲಿಯಲ್ಲೂ ಮುಂದಿದ್ದರು. ಒಂದು ಬಲ ತಿರುವನ್ನು ಕತ್ತರಿಸಲು ಹೋಗಿ ಕಾರು ಪಲ್ಟಿ. ಬರ್ನ್ಸ್ ಸುಮ್ನೆ ಮೂರನೆಯವರಾಗಿ ಬಂದು 44 ಅಂಕದೊಂದಿಗೆ ಪಟ್ಟ ಪಡೆದರು. ಇಡೀ ವರ್ಷದಲ್ಲಿ ಅವರು ಗೆದ್ದಿದ್ದು ಒಂದೇ ರ‍್ಯಾಲಿ.

ಆಗ ಗೆದ್ದವನಿಗೆ 10, ಎರಡನೆಯವನಿಗೆ 6. 2003ರಲ್ಲಿ ಅದು 10 ಮತ್ತು 8 ಆಯಿತು. ಅಂತರ ಎರಡೇ ಅಂಕ. ಪ್ರಾಣ ಪಣಕ್ಕಿಡುವ ಆಟಕ್ಕೆ ಇದು ಬಹಳ ಕಡಿಮೆ ಅಲ್ವಾ? ಆ ವರ್ಷ ಕೊನೇ ರ‍್ಯಾಲಿ ಮತ್ತೆ ವೇಲ್ಸ್‌ನಲ್ಲಿ. ಸೆಬಾಸ್ಟಿಯನ್ ಲೋಬ್ ಬಳಿ 63, ಪೆಟ್ಟರ್ ಸೋಲ್ಬರ್ಗ್ ಬಳಿ 62. ಅಷ್ಟರಲ್ಲಿ ಲೋಬ್ ಅವರ ಸಿಟ್ರೊಯೆನ್ ತಂಡದ ಕಾರ್ಲೋಸ್ ಸೈಂಜ್ ರಸ್ತೆ ಬಿಟ್ಟು ಹೊರಬಿದ್ದರು. ಕಂಪನಿಗಳ ಪ್ರಶಸ್ತಿ ಉಳಿಯಬೇಕಾದರೆ ಲೋಬ್ ಕಾರು ಗುರಿ ಮುಟ್ಟಲೇಬೇಕು. ಹುಷಾರಾಗಿ ಓಡಿಸು ಎಂದು ತಂಡ ಹೇಳಿತು. ಅವರು ಎರಡನೆಯವರಾದರು, ಪ್ರಶಸ್ತಿ ತಂಡಕ್ಕೆ ಬಂತು. ಚಾಲಕರ ಪಟ್ಟ 72–71ರಲ್ಲಿ ಸೋಲ್ಬರ್ಗ್ ಪಾಲಾಯಿತು. ತಂಡದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ತಂಡಕ್ಕೆ ಬೇಕಾದದ್ದೂ ಚಾಲಕನಿಗೆ ಬೇಕಾದದ್ದೂ ಯಾವಾಗಲೂ ಒಂದೇ ಇರುವುದಿಲ್ಲ. ಈ ಇಕ್ಕಟ್ಟನ್ನು ಯಾವ ಅಂಕಪಟ್ಟಿಯೂ ಇವತ್ತಿನವರೆಗೆ ಬಿಡಿಸಿಲ್ಲ.

2010ರಲ್ಲಿ 25–18 ಬಂತು, 2011ರಲ್ಲಿ ಕೊನೇ ಹಂತದಲ್ಲಿ ವೇಗವಾಗಿ ಓಡಿಸಿದವರಿಗೆ ಹೆಚ್ಚುವರಿ ಅಂಕ. 2024ರಲ್ಲಿ ಶನಿವಾರದವರೆಗಿನ ಸ್ಥಾನಕ್ಕೂ ಕೊನೇ ದಿನವಾದ ಭಾನುವಾರದ ಓಟಕ್ಕೂ ಬೇರೆ ಬೇರೆ ಅಂಕ ಕೊಟ್ಟರು. ಸ್ವೀಡನ್‌ನಲ್ಲಿ ಗೆದ್ದ ಎಸಪೆಕ್ಕ ಲಾಪ್ಪಿಗಿಂತ ಎರಡನೆಯವರಾದ ಎಲ್ಫಿನ್ ಎವಾನ್ಸ್‌ಗೆ ಜಾಸ್ತಿ ಅಂಕ ಸಿಕ್ಕಿತು! ಗೆದ್ದವನಿಗೇ ಕಡಿಮೆ ಎಂದರೆ ನೋಡುವವನಿಗೆ ಹೇಗೆ ಅರ್ಥವಾಗಬೇಕು? ಒಂದೇ ವರ್ಷಕ್ಕೆ ಆ ಪದ್ಧತಿ ಬದಲಾಯಿತು.

2025ರಲ್ಲಿ ಗೆದ್ದವನಿಗೆ 25, ಎರಡನೆಯವನಿಗೆ 17. ಎಂಟು ಅಂಕದ ಅಂತರ ನ್ಯಾಯವಾಗಿಯೇ ಇದೆ. ಭಾನುವಾರದ ವೇಗಕ್ಕೆ ಹೆಚ್ಚೆಂದರೆ 5, ಕೊನೇ ಹಂತಕ್ಕೆ ಇನ್ನೂ 5 ಬೇರೆ. ಈ ಹತ್ತು ಸ್ವಲ್ಪ ಜಾಸ್ತಿಯೇ ಆಯಿತು. ಶುಕ್ರವಾರ ಹಳ್ಳಕ್ಕೆ ಬಿದ್ದವನು ಶನಿವಾರ ನಿಧಾನವಾಗಿ ಓಡಿಸಿ ಟೈರ್ ಉಳಿಸಿಕೊಂಡು ಭಾನುವಾರ ನುಗ್ಗಬಹುದು. ಮುಂದಿರುವವನು ಮಾತ್ರ ಗೆಲುವನ್ನು ಕಾಯಬೇಕು, ಈ ಹತ್ತು ಅಂಕದ ಆಸೆಯನ್ನೂ ಬಿಡುವಂತಿಲ್ಲ.