ತುಂಬುವವರು ಯಾರು, ನೋಡುವವರು ಯಾರು?

ತಂಡಕ್ಕೆ ಹೊಸ ಸಾಫ್ಟ್‌ವೇರ್ ಆರಿಸಿಕೊಡಿ ಅಂತ ಕರೆದವರು ಸಾಮಾನ್ಯವಾಗಿ ಒಂದು ಉದ್ದದ ಪಟ್ಟಿ ಕೊಡುತ್ತಾರೆ. ಚಾಟ್ ಬೇಕು, ವಿಡಿಯೋ ಕಾಲ್ ಬೇಕು, ಕ್ಯಾಲೆಂಡರ್ ಬೇಕು. ಇವೆಲ್ಲ ಈಗ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಗುತ್ತವೆ. ನಾನು ಮೊದಲು ಕೇಳುವುದೇ ಬೇರೆ. ಇದರಲ್ಲಿ ದಿನಾ ಮಾಹಿತಿ ತುಂಬುವವರು ಯಾರು? ಅದರಿಂದ ಅನುಕೂಲ ಯಾರಿಗೆ?

ಜೊನಾಥನ್ ಗ್ರುಡಿನ್ ಎಂಬ ಸಂಶೋಧಕರು 1988ರಲ್ಲೇ ಇದನ್ನು ಗುರುತಿಸಿದ್ದರು. ಮೀಟಿಂಗ್‌ಗೆ ತಾನೇ ಸಮಯ ಹುಡುಕುವ ಸಾಫ್ಟ್‌ವೇರ್ ಅವರ ಒಂದು ಉದಾಹರಣೆ. ಲಾಭ ಮೀಟಿಂಗ್ ಕರೆಯುವವರಿಗೆ. ಕ್ಯಾಲೆಂಡರ್ ತುಂಬುವ ಕೆಲಸ ಮಾತ್ರ ಎಲ್ಲರಿಗೂ.

ಇವತ್ತಿನ ಟಾಸ್ಕ್ ಬೋರ್ಡ್‌ಗಳ ಕಥೆಯೂ ಇದೇ. ಮ್ಯಾನೇಜರ್‌ಗೆ ಎಲ್ಲರ ಕೆಲಸ ಒಂದೇ ಕಡೆ ಕಾಣುತ್ತದೆ. ಕೆಲಸ ಮಾಡುವವರಿಗೆ ಸಿಗುವುದು ಇನ್ನೊಂದು ಫಾರ್ಮ್, ಅಷ್ಟೇ. ಸ್ವಲ್ಪ ದಿನದಲ್ಲಿ ಬೋರ್ಡ್ ಹಳತಾಗುತ್ತದೆ, "ಎಲ್ಲಿಗೆ ಬಂತು?" ಅಂತ ಮತ್ತೆ ಫೋನ್ ಶುರುವಾಗುತ್ತದೆ. ಆಗ ಸಿಬ್ಬಂದಿಯನ್ನು ಸೋಮಾರಿಗಳು ಅನ್ನುವುದು ಅನ್ಯಾಯ. ತುಂಬಿದವರಿಗೂ ಅದರಿಂದ ಏನಾದರೂ ಸಿಗಬೇಕು ಅಲ್ವಾ? ಬೋರ್ಡ್ ತುಂಬಿದರೆ ವಾರದ ವರದಿ ಬರೆಯಬೇಕಿಲ್ಲ ಅನ್ನಿ, ಆಗ ನೋಡಿ.

ಚಾಟ್ ಆರಿಸುವಾಗ ತಂಡ ಯಾವಾಗ ಓದುತ್ತದೆ ಅನ್ನುವುದು ಮುಖ್ಯ. ಎಲ್ಲರೂ ಒಂದೇ ಹೊತ್ತಿಗೆ ಕೂತಿದ್ದರೆ ಯಾವುದಾದರೂ ನಡೆಯುತ್ತದೆ. ಪಾಳಿಯಲ್ಲಿ ಕೆಲಸ ಮಾಡುವವರು ಬಂದು ನೋಡಿದರೆ ಮೆಸೇಜ್‌ಗಳ ರಾಶಿ. ಅಂಥವರಿಗೆ ಜುಲಿಪ್ ತರಹದ ಚಾಟ್ ಆ್ಯಪ್ ಒಳ್ಳೆಯದು. ಅಲ್ಲಿ ಮಾತುಕತೆ ವಿಷಯವಾರು ವಿಂಗಡವಾಗಿರುತ್ತದೆ, ಬೇಕಾದ್ದನ್ನಷ್ಟೇ ಓದಬಹುದು. ಹೊರಗೆ ಓಡಾಡುವವರಿದ್ದರೆ ಮೊದಲು ಅವರ ಹಳೇ ಫೋನ್‌ನಲ್ಲಿ ಆ್ಯಪ್ ತೆರೆದು ನೋಡಿ. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಪರೀಕ್ಷೆಗೆ ಉತ್ಸಾಹಿಗಳನ್ನಷ್ಟೇ ಕೂರಿಸಬೇಡಿ, ಅವರಿಗೆ ಹೊಸದೆಲ್ಲ ಇಷ್ಟ. ಹೊಸದು ಬೇಡ ಅನ್ನುವ ಒಬ್ಬರು ಇರಲೇಬೇಕು. ಸುಮ್ನೆ ಡೆಮೊ ಬೇಡ, ನಡೆಯುತ್ತಿರುವ ಒಂದು ನಿಜವಾದ ಕೆಲಸವನ್ನೇ ಅದರಲ್ಲಿ ಮಾಡಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅದನ್ನು ಬರೆದಿಟ್ಟುಕೊಳ್ಳಿ. ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಮಾಹಿತಿ ಇಲ್ಲ.

ಉಚಿತ ಆವೃತ್ತಿ ಅಂತ ಶುರು ಮಾಡುವುದಾದರೆ ಅದರ ಮಿತಿ ಓದಿಕೊಳ್ಳಿ. ಸ್ಲ್ಯಾಕ್ ಎಂಬ ಚಾಟ್ ಆ್ಯಪ್‌ನ ಉಚಿತ ಯೋಜನೆ 2022ರಿಂದ ಕಳೆದ 90 ದಿನಗಳ ಮೆಸೇಜ್‌ಗಳನ್ನು ಮಾತ್ರ ತೋರಿಸುತ್ತದೆ. ಹಳೆಯ ನಿರ್ಧಾರಗಳನ್ನು ಮತ್ತೆ ಮತ್ತೆ ಹುಡುಕುವ ತಂಡಕ್ಕೆ ಇದು ಸಾಲದು. ಪರೀಕ್ಷೆಯ ದಿನಗಳಲ್ಲೇ ಹಾಕಿದ ಮಾಹಿತಿಯನ್ನೆಲ್ಲ ಒಮ್ಮೆ ಹೊರಗೆ ತೆಗೆದು, ಆ ಫೈಲ್ ಬೇರೆ ಕಡೆ ತೆರೆಯುತ್ತದಾ ನೋಡಿ. ತೆರೆಯದಿದ್ದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಕಂಪನಿಯವರನ್ನು ಕೇಳಿ.