ಕೆಟ್ಟ ಅರಸನನ್ನೂ ದೇವರೇ ಕೂರಿಸಿದನಾ?

ಪ್ರಶ್ನೆ: ಇರುವ ಅಧಿಕಾರಿಗಳೆಲ್ಲ ದೇವರಿಂದಲೇ ನೇಮಕವಾದವರು ಅಂತ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ಹೇಳುತ್ತದೆ. ಹಾಗಾದ್ರೆ ಜನರನ್ನು ಹಿಂಸಿಸುವ ಅರಸನನ್ನೂ ದೇವರೇ ಕೂರಿಸಿದನಾ? ಅವನು ಹೇಳಿದ್ದನ್ನೆಲ್ಲ ಕೇಳಲೇಬೇಕಾ?

ಉತ್ತರ: ದೇವರ ಕೈಮೀರಿ ಯಾರೂ ಪಟ್ಟಕ್ಕೆ ಬರುವುದಿಲ್ಲ ಅಂತಲೇ ಬೈಬಲ್ ಹೇಳುತ್ತದೆ. ಆದರೆ ಅರಸ ಹೇಳಿದ್ದನ್ನೆಲ್ಲ ಕೇಳಬೇಕು ಅಂತ ಅದು ಎಲ್ಲೂ ಹೇಳುವುದಿಲ್ಲ. ಈ ಎರಡನ್ನೂ ಒಟ್ಟಿಗೆ ನೋಡಬೇಕಾದರೆ ದಾನಿಯೇಲನ ಪುಸ್ತಕದ 4ನೇ ಅಧ್ಯಾಯ ತೆರೆಯಿರಿ.

ನೆಬೂಕದ್ನೆಚ್ಚರ ಯೆರೂಸಲೇಮಿನ ದೇವಾಲಯವನ್ನು ಸುಟ್ಟು, ಯೆಹೂದ್ಯರನ್ನು ಸೆರೆಯಾಗಿ ಒಯ್ದ ಬಾಬೆಲಿನ ಅರಸ. ಅವನು ಕಟ್ಟಿಸಿದ ಗೋಡೆಗಳ ಇಟ್ಟಿಗೆಗಳ ಮೇಲೆ ಅವನ ಹೆಸರಿನ ಮುದ್ರೆ ಈಗಲೂ ಇದೆ. ಇಂಥವನಿಗೆ ಒಂದು ಕೆಟ್ಟ ಕನಸು ಬೀಳುತ್ತದೆ. ಅರ್ಥ ಹೇಳುವವನು ಸೆರೆಯಾಗಿ ಬಂದ ದಾನಿಯೇಲ. ಅವನು ಅರಸನಿಗೆ ಎರಡು ಮಾತು ಹೇಳುತ್ತಾನೆ. ರಾಜ್ಯ ಪರಾತ್ಪರನದು, ತನಗೆ ಬೇಕಾದವರಿಗೆ ಕೊಡುತ್ತಾನೆ. ಆದ್ದರಿಂದ ನೀನು ಪಾಪ ಬಿಡು, ಬಡವರಿಗೆ ಕರುಣೆ ತೋರಿಸು. ಈ ಎರಡನೇ ಮಾತನ್ನು ನಾವು ಸುಮ್ನೆ ದಾಟಿ ಹೋಗುತ್ತೇವೆ, ಅಲ್ವಾ? ನನಗೆ ಅದೇ ಜಾಸ್ತಿ ಮುಖ್ಯ. ಅಧಿಕಾರ ದೇವರು ಕೊಟ್ಟದ್ದಾದರೆ, ಅದನ್ನು ಬಡವರ ಮೇಲೆ ಹೇಗೆ ನಡೆಸಿದೆ ಅಂತ ಲೆಕ್ಕ ಕೇಳುವವನೂ ದೇವರೇ.

ಒಂದು ವರ್ಷ ಕಳೆಯುತ್ತದೆ. ಅರಸ ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಾ, ಈ ಮಹಾ ಬಾಬೆಲನ್ನು ಕಟ್ಟಿದವನು ನಾನೇ ಅಲ್ಲವೇ ಅನ್ನುತ್ತಾನೆ. ಮಾತು ಬಾಯಲ್ಲಿರುವಾಗಲೇ ತೀರ್ಪು ಬೀಳುತ್ತದೆ. ಎತ್ತಿನ ಹಾಗೆ ಹುಲ್ಲು ಮೇಯುತ್ತಾನೆ, ಇಬ್ಬನಿಯಲ್ಲಿ ನೆನೆಯುತ್ತಾನೆ, ಉಗುರು ಹಕ್ಕಿಯ ಉಗುರಿನಂತೆ ಬೆಳೆಯುತ್ತದೆ. ಆಕಾಶದ ಕಡೆ ಕಣ್ಣೆತ್ತಿದಾಗಲೇ ಬುದ್ಧಿ ತಿರುಗಿ ಬಂದದ್ದು.

ದೇವರು ಬಳಸಿಕೊಂಡ ಅರಸನಿಗೆಲ್ಲ ದೇವರ ಮೆಚ್ಚುಗೆ ಇತ್ತು ಅಂತಲೂ ಅಲ್ಲ. ಅಶ್ಶೂರ ಸಾಮ್ರಾಜ್ಯವನ್ನು ತನ್ನ ಕೋಪದ ಕೋಲು ಅಂತ ಕರೆದ ದೇವರು, ಅದೇ ಯೆಶಾಯ 10ರಲ್ಲಿ ಅದರ ಸೊಕ್ಕಿಗೆ ಶಿಕ್ಷೆ ವಿಧಿಸುತ್ತಾನೆ. ಹೋಶೇಯ 8ರಲ್ಲಿ, ಇವರು ಅರಸರನ್ನು ಮಾಡಿಕೊಂಡರು, ನನ್ನನ್ನು ಕೇಳಿ ಅಲ್ಲ ಎಂದು ನೇರವಾಗಿ ದೂರುತ್ತಾನೆ.

ಇನ್ನು ಕೇಳುವ ವಿಷಯ. ಇಬ್ರಿಯರಿಗೆ ಗಂಡು ಮಗು ಹುಟ್ಟಿದರೆ ಕೊಂದುಬಿಡಿ ಅಂತ ಐಗುಪ್ತದ ಅರಸ ಫರೋಹ ಹೇಳಿದಾಗ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಕೊಲ್ಲಲಿಲ್ಲ. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದ ಎನ್ನುತ್ತದೆ ವಿಮೋಚನಕಾಂಡ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಮುಂದೆಯೇ ನಿಂತು.

ನೀವು ಕೇಳಿದ ವಚನ ಬರೆದ ಪೌಲನನ್ನೇ ನೋಡಿ. ತೆರಿಗೆ ಕೊಡಿ, ಮರ್ಯಾದೆ ಕೊಡಿ ಅಂತ ಅವನು ಬರೆದಾಗ ರೋಮಿನಲ್ಲಿ ಆಳುತ್ತಿದ್ದವನು ಕ್ರೂರಿ ಎನಿಸಿಕೊಂಡ ಚಕ್ರವರ್ತಿ ನೀರೋ. ಅದಕ್ಕೂ ಮೊದಲು ಫಿಲಿಪ್ಪಿಯಲ್ಲಿ ಅಧಿಕಾರಿಗಳು ವಿಚಾರಣೆಯಿಲ್ಲದೆ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಹೊಡೆಸಿ ಸೆರೆಗೆ ಹಾಕಿಸಿದ್ದರು. ಬೆಳಗ್ಗೆ, ಗದ್ದಲವಿಲ್ಲದೆ ಹೋಗಲಿ ಅಂತ ಹೇಳಿ ಕಳಿಸಿದರು. ಪೌಲ ಹೋಗಲಿಲ್ಲ. ನಾವು ರೋಮಿನ ಪೌರರ ಹಕ್ಕುಳ್ಳವರು, ಅವರೇ ಬಂದು ನಮ್ಮನ್ನು ಹೊರಗೆ ಕರಕೊಂಡು ಹೋಗಲಿ ಅಂದ. ಅಂಥವರನ್ನು ವಿಚಾರಣೆಯಿಲ್ಲದೆ ಹೊಡೆಸುವ ಹಾಗಿರಲಿಲ್ಲ. ಅಧಿಕಾರಿಗಳು ಹೆದರಿ, ತಾವೇ ಬಂದು ಬೇಡಿಕೊಂಡರು.