ಟೆಕ್ಸಾಸ್‌ನಲ್ಲಿ ಕೆಲಸ ಹೋದರೆ ರೈಟ್ ಟು ವರ್ಕ್ ಕಾನೂನನ್ನು ದೂರಬೇಡಿ

ಪ್ರಶ್ನೆ: ನನ್ನ ಮಗ ಟೆಕ್ಸಾಸ್‌ನಲ್ಲಿ ಇಂಜಿನಿಯರ್. ಅದು ರೈಟ್ ಟು ವರ್ಕ್ ರಾಜ್ಯವಂತೆ. ಹಾಗಾಗಿ ಕಂಪನಿಯವರು ಕಾರಣ ಕೊಡದೆ ಯಾವಾಗ ಬೇಕಾದರೂ ತೆಗೆದುಹಾಕಬಹುದಂತೆ. ಕ್ಯಾಲಿಫೋರ್ನಿಯಾಕ್ಕೆ ಹೋದರೆ ಆ ಭಯ ಇಲ್ಲ ಅಂತ ಅವನ ಸ್ನೇಹಿತರು ಹೇಳುತ್ತಾರೆ. ನಿಜವೇ?

ಉತ್ತರ: ಕಾರಣ ಕೊಡದೆ ತೆಗೆಯಬಹುದು ಅನ್ನುವುದು ನಿಜ. ಅದು ಯೂನಿಯನ್ ಚಂದಾಕ್ಕೆ ಸಂಬಂಧಿಸಿದ ರೈಟ್ ಟು ವರ್ಕ್ ಕಾನೂನಿನಿಂದ ಅನ್ನುವುದು ಸುಳ್ಳು. ಕ್ಯಾಲಿಫೋರ್ನಿಯಾಕ್ಕೆ ಹೋದರೆ ಭಯ ಇಲ್ಲ ಅನ್ನುವುದೂ ಸುಳ್ಳು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಇದು ಮತ್ತೆ ಬರುತ್ತದೆ. ಡಾಲಸ್‌ನಲ್ಲಿ, ರಾಲಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದವರೂ ಇದನ್ನೇ ನಂಬಿರುತ್ತಾರೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

ನಿಮ್ಮ ಮಗನನ್ನು ಕಾರಣ ಹೇಳದೆ ತೆಗೆಯಲು ಅವಕಾಶ ಕೊಡುವ ನಿಯಮದ ಹೆಸರು ಅಟ್ ವಿಲ್. ಮಾಲೀಕ ಯಾವಾಗ ಬೇಕಾದರೂ ತೆಗೆಯಬಹುದು, ನೌಕರ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಅಮೆರಿಕದ 50 ರಾಜ್ಯಗಳಲ್ಲಿ 49ರಲ್ಲಿ ಇದೇ ಸಾಮಾನ್ಯ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಾರ್ಮಿಕ ಸಂಹಿತೆಯ 2922ನೇ ಸೆಕ್ಷನ್‌ನಲ್ಲೇ ಬರೆದಿಟ್ಟಿದ್ದಾರೆ. ನ್ಯೂಯಾರ್ಕ್‌ನಲ್ಲೂ ಇದೇ ನಿಯಮ. ಈ ಎರಡೂ ರಾಜ್ಯಗಳಲ್ಲಿ ರೈಟ್ ಟು ವರ್ಕ್ ಕಾನೂನು ಇಲ್ಲ. ಇಷ್ಟಕ್ಕೇ ವಾದ ಮುಗಿಯಬೇಕು, ಅಲ್ವಾ?

ಉಳಿದ ಆ ಒಂದು ರಾಜ್ಯ ಮೊಂಟಾನಾ. ಅಲ್ಲಿ 1987ರ ಕಾನೂನಿನ ಪ್ರಕಾರ ಪ್ರೊಬೇಷನ್ ಮುಗಿದ ಮೇಲೆ ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು. ಅಲ್ಲೂ ರೈಟ್ ಟು ವರ್ಕ್ ಕಾನೂನು ಇಲ್ಲ. ‘ನೋಡಿ, ಅದಿಲ್ಲದ ಕಡೆ ರಕ್ಷಣೆ ಇದೆ’ ಅಂತ ಕೆಲವರು ಇದನ್ನೇ ಸಾಕ್ಷಿ ಮಾಡುತ್ತಾರೆ. ಹಾಗಿದ್ದರೆ ಆ ಕಾನೂನು ಇಲ್ಲದ ಇನ್ನುಳಿದ ರಾಜ್ಯಗಳಲ್ಲೂ ಅದೇ ರಕ್ಷಣೆ ಇರಬೇಕಿತ್ತು. ಇಲ್ಲ.

ಇಸವಿಗಳನ್ನು ನೋಡಿದರೂ ಸಾಕು. ಟೆನೆಸಿಯ ಚಟನೂಗಾದಲ್ಲಿ ಪೇನ್ ಎಂಬ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ಸಾಮಾನು ಕೊಂಡವರನ್ನು ಕೆಲಸದಿಂದ ತೆಗೆಯುತ್ತೇವೆ ಅಂತ ರೈಲ್ವೆ ಕಂಪನಿ ತನ್ನ ನೌಕರರಿಗೆ ನೋಟಿಸ್ ಹಾಕಿತು. ಪೇನ್ ಕೋರ್ಟಿಗೆ ಹೋದ. 1884ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಒಳ್ಳೆ ಕಾರಣಕ್ಕಾಗಲಿ, ಕಾರಣವೇ ಇಲ್ಲದೆ ಆಗಲಿ, ನೀತಿಗೆಟ್ಟ ಕಾರಣಕ್ಕಾಗಲಿ ಮಾಲೀಕ ಕೆಲಸದಿಂದ ತೆಗೆಯಬಹುದು ಅಂದಿತು. ಅಟ್ ವಿಲ್ ಬೆಳೆದದ್ದು ಇಂಥ ತೀರ್ಪುಗಳಿಂದ. ಮೊದಲ ರೈಟ್ ಟು ವರ್ಕ್ ನಿಯಮಗಳು ಫ್ಲಾರಿಡಾ ಮತ್ತು ಅರ್ಕನ್ಸಾದಲ್ಲಿ ಬಂದದ್ದು 1944ರಲ್ಲಿ. ಅರವತ್ತು ವರ್ಷ ಆಮೇಲೆ ಬಂದ ಕಾನೂನು ಮೊದಲೇ ಇದ್ದ ನಿಯಮವನ್ನು ಹುಟ್ಟಿಸುವುದು ಹೇಗೆ?

ಹಾಗಾದರೆ ರೈಟ್ ಟು ವರ್ಕ್ ಕಾನೂನು ಏನು ಮಾಡುತ್ತದೆ? ಯೂನಿಯನ್ ಚಂದಾ ಕಡ್ಡಾಯ ಮಾಡುವುದನ್ನು ತಡೆಯುತ್ತದೆ. ಅಷ್ಟೇ.

ಅಮೆರಿಕದಲ್ಲಿ ಒಂದು ಕಾರ್ಖಾನೆಯ ನೌಕರರು ಬಹುಮತದಿಂದ ಯೂನಿಯನ್ ಆರಿಸಿದರೆ, ಅದು ಅಲ್ಲಿನ ಎಲ್ಲರ ಪರವಾಗಿ ಸಂಬಳದ ಮಾತುಕತೆ ನಡೆಸುತ್ತದೆ. ಸದಸ್ಯನಲ್ಲದವನಿಗೂ ಅದೇ ಒಪ್ಪಂದ, ಅದೇ ಸಂಬಳ. ಅವನ ಮೇಲೆ ಕ್ರಮ ಕೈಗೊಂಡರೆ ಅವನ ಪರವೂ ಯೂನಿಯನ್ ನ್ಯಾಯವಾಗಿ ನಡೆದುಕೊಳ್ಳಬೇಕು. ಇದಕ್ಕೆ ಖರ್ಚಾಗುತ್ತದೆ. ಆ ಖರ್ಚಿನಲ್ಲಿ ಎಲ್ಲರೂ ಪಾಲು ಕೊಡಬೇಕು ಅಂತ ಯೂನಿಯನ್ ಮತ್ತು ಕಂಪನಿ ಒಪ್ಪಂದ ಮಾಡಿಕೊಳ್ಳಬಹುದಿತ್ತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ವೀಟೊ ಹಾಕಿದರೂ ಕಾಂಗ್ರೆಸ್ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆ ಪಾಸು ಮಾಡಿತು. ಬೇಕಾದ ರಾಜ್ಯಗಳು ಇಂಥ ಒಪ್ಪಂದ ನಿಷೇಧಿಸಬಹುದು ಅಂತ ಅದರಲ್ಲಿದೆ. ಟೆಕ್ಸಾಸ್ ಅದೇ ವರ್ಷ ನಿಷೇಧಿಸಿತು. ಈಗ ಇಂಥ ರಾಜ್ಯಗಳು 26. ಮಿಷಿಗನ್ 2012ರಲ್ಲಿ ಸೇರಿ, 2023ರಲ್ಲಿ ಕಾನೂನು ರದ್ದು ಮಾಡಿ ಹೊರಬಂತು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಮೇಂಟೆನೆನ್ಸ್ ಕಟ್ಟದವರಿಗೂ ಲಿಫ್ಟ್ ಓಡುತ್ತದಲ್ಲ, ಯೂನಿಯನ್‌ನವರ ದೂರು ಅದೇ. ‘ನನಗೆ ಬೇಡದ ಸಂಘಕ್ಕೆ ನಾನೇಕೆ ದುಡ್ಡು ಕೊಡಲಿ’ ಅನ್ನುವುದು ಎದುರು ಪಕ್ಷದವರ ಮಾತು. ಎರಡರಲ್ಲೂ ಹುರುಳಿದೆ. ಆದರೆ ಕೆಲಸದಿಂದ ತೆಗೆಯುವ ಮಾತು ಎರಡರಲ್ಲೂ ಇಲ್ಲ.

ದೂರದ ಸಂಬಂಧ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಸರಿಯಾದ ಕಾರಣವಿಲ್ಲದೆ ತೆಗೆಯಬಾರದು ಅನ್ನುವ ಷರತ್ತು ಯೂನಿಯನ್ ಒಪ್ಪಂದಗಳಲ್ಲಿ ಸಾಮಾನ್ಯ. ಚಂದಾ ಕಡಿಮೆಯಾಗಿ ಯೂನಿಯನ್ ಸೊರಗಿದರೆ ಆ ರಕ್ಷಣೆಯೂ ಸೊರಗಬಹುದು. ಆದರೆ ಅಮೆರಿಕದ ಖಾಸಗಿ ವಲಯದಲ್ಲಿ ಯೂನಿಯನ್ ಸದಸ್ಯರು ನೂರಕ್ಕೆ ಸುಮಾರು 6 ಮಂದಿ ಮಾತ್ರ. ಸಾಫ್ಟ್‌ವೇರ್‌ನಲ್ಲಂತೂ ಯೂನಿಯನ್ ಅಪರೂಪ. ನಿಮ್ಮ ಮಗನಿಗೆ ಯೂನಿಯನ್ ಇಲ್ಲದಿದ್ದರೆ ಈ ಕಾನೂನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವನು ನೋಡಬೇಕಾದದ್ದು ಆಫರ್ ಲೆಟರ್. ಜನಾಂಗ, ಧರ್ಮ, ಲಿಂಗ, ಹುಟ್ಟಿದ ದೇಶ ಇವುಗಳ ಕಾರಣಕ್ಕೆ ತೆಗೆಯುವುದು ಎಲ್ಲ ರಾಜ್ಯಗಳಲ್ಲೂ ಕಾನೂನುಬಾಹಿರವೇ. ದೊಡ್ಡ ಕಂಪನಿ ಸಾಮೂಹಿಕ ಲೇಆಫ್ ಮಾಡುವಾಗ ಸಾಮಾನ್ಯವಾಗಿ 60 ದಿನ ಮುಂಚೆ ನೋಟಿಸ್ ಕೊಡಬೇಕು. ಎಚ್‌1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವ ಗ್ರೇಸ್ ಅವಧಿ ಹೆಚ್ಚೆಂದರೆ 60 ದಿನ. ಇವೆರಡೂ ಬೇರೆ ಬೇರೆ. ದಯವಿಟ್ಟು ಒಂದಕ್ಕೊಂದು ಬೆರೆಸಬೇಡಿ.

ನೀವು ಕೇಳಿಲ್ಲ, ಆದರೂ ಸರ್ಕಾರಿ ನೌಕರರ ವಿಷಯ ಹೇಳದೆ ಮುಗಿಸಲಾರೆ. ಅಲ್ಲಿ ಈ ಜಗಳ ರಾಜ್ಯಗಳ ಕೈಯಲ್ಲಿಲ್ಲ. ಇಲಿನಾಯ್ ರಾಜ್ಯದ ನೌಕರ ಮಾರ್ಕ್ ಜೇನಸ್ ತನ್ನ ಸಂಬಳದಿಂದ ತಿಂಗಳಿಗೆ ಸುಮಾರು 45 ಡಾಲರ್ ಯೂನಿಯನ್‌ಗೆ ಕಡಿತವಾಗುವುದನ್ನು ಪ್ರಶ್ನಿಸಿದ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಅವನ ಪರ ನಿಂತಿತು. ಸರ್ಕಾರದ ಜೊತೆ ಸಂಬಳದ ಮಾತುಕತೆಯೇ ರಾಜಕೀಯ ಮಾತು, ಅದಕ್ಕೆ ಬಲವಂತವಾಗಿ ದುಡ್ಡು ಕೊಡಿಸುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂದಿತು. ಅಂದಿನಿಂದ ಯಾವ ರಾಜ್ಯದಲ್ಲೂ ಸರ್ಕಾರಿ ನೌಕರನಿಂದ ಕಡ್ಡಾಯವಾಗಿ ಚಂದಾ ವಸೂಲು ಮಾಡುವಂತಿಲ್ಲ. ಆದರೂ ಸರ್ಕಾರಿ ವಲಯದಲ್ಲಿ ಈಗಲೂ ನೂರಕ್ಕೆ ಸುಮಾರು 32 ಮಂದಿ ಸದಸ್ಯರಾಗಿದ್ದಾರೆ.

ಸರ್ಕಾರಿ ನೌಕರರಿಗೆ ಯೂನಿಯನ್ ಬೇಕೇ ಅನ್ನುವ ಪ್ರಶ್ನೆ ಇದಕ್ಕಿಂತ ಹಳೆಯದು. ಕಾರ್ಮಿಕರ ಗೆಳೆಯ ಅನ್ನಿಸಿಕೊಂಡ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ 1937ರ ಪತ್ರವೊಂದರಲ್ಲಿ, ಖಾಸಗಿ ವಲಯದಂಥ ಸಾಮೂಹಿಕ ಚೌಕಾಶಿ (ಎಲ್ಲರ ಪರವಾಗಿ ಯೂನಿಯನ್ ನಡೆಸುವ ಮಾತುಕತೆ) ಸರ್ಕಾರಿ ಸೇವೆಗೆ ಹೊಂದುವುದಿಲ್ಲ ಅಂತ ಬರೆದಿದ್ದರು. ಯೂನಿಯನ್ ವಿರೋಧಿಗಳು ಇದನ್ನು ಇಂದಿಗೂ ಎತ್ತಿ ಹೇಳುತ್ತಾರೆ. ಸರ್ಕಾರಕ್ಕೆ ಲಾಭವಿಲ್ಲ, ದುಡ್ಡು ತೆರಿಗೆ ಕಟ್ಟುವವರದು ಅನ್ನುವುದು ಸರಿಯೇ. ಆದರೆ ಅವರಿಗೆ ಟೆನೆಸಿಯ ಮೆಂಫಿಸ್ ನಗರವನ್ನು ನೆನಪಿಸಬೇಕು. 1968ರ ಫೆಬ್ರವರಿಯಲ್ಲಿ ಅಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಅವರ ಯೂನಿಯನ್ನನ್ನು ಒಪ್ಪಲು ಮೇಯರ್ ತಯಾರಿರಲಿಲ್ಲ. ‘ನಾನೂ ಮನುಷ್ಯ’ ಅನ್ನುವ ಫಲಕ ಹಿಡಿದು ನಡೆದ ಆ ಕಾರ್ಮಿಕರ ಬೆಂಬಲಕ್ಕೆ ಹೋಗಿದ್ದಾಗಲೇ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು. ನಗರಾಡಳಿತ ಯೂನಿಯನ್ ಒಪ್ಪಿದ್ದು ಆಮೇಲೆ. ಧಣಿ ಸರ್ಕಾರ ಅಂದ ಮಾತ್ರಕ್ಕೆ ಒಳ್ಳೆಯ ಧಣಿ ಆಗುವುದಿಲ್ಲ.

ಆದ್ದರಿಂದ ಯೂನಿಯನ್ ಬೇಕು ಅನ್ನುವುದು ನನ್ನ ಅಭಿಪ್ರಾಯ. ಮುಷ್ಕರದ ಹಕ್ಕು ಬೇರೆ ವಿಷಯ. 1966ರಲ್ಲಿ 12 ದಿನ ಬಸ್ಸು, ಸಬ್‌ವೇ ನಿಂತ ಮೇಲೆ ನ್ಯೂಯಾರ್ಕ್ ರಾಜ್ಯ ಟೇಲರ್ ಕಾನೂನು ತಂದಿತು. ಯೂನಿಯನ್ ಮಾಡಿ, ಮಾತುಕತೆ ನಡೆಸಿ, ಆದರೆ ಮುಷ್ಕರ ಹೂಡಿದರೆ ದಿನಕ್ಕೆ ಎರಡು ದಿನದ ಸಂಬಳ ಕಡಿತ. ನನಗೆ ಇದು ಸಮಂಜಸ ಅನ್ನಿಸುತ್ತದೆ. ಸಂಬಳ, ಪಿಂಚಣಿ, ಸುರಕ್ಷತೆ ಮಾತುಕತೆಗೆ ಬರಲಿ. ಜನರ ಮೇಲೆ ಕೈ ಮಾಡಿದ ಪೊಲೀಸನ ಶಿಸ್ತು ಕ್ರಮ ಬರಬಾರದು. 2011ರಲ್ಲಿ ವಿಸ್ಕಾನ್ಸಿನ್ ಸರಿಯಾಗಿ ಇದಕ್ಕೆ ಉಲ್ಟಾ ಮಾಡಿತು. ಶಿಕ್ಷಕರ ಚೌಕಾಶಿ ಹಕ್ಕನ್ನು ಹೆಚ್ಚುಕಡಿಮೆ ಕಿತ್ತುಕೊಂಡು, ಪೊಲೀಸರಿಗೂ ಅಗ್ನಿಶಾಮಕ ದಳಕ್ಕೂ ವಿನಾಯಿತಿ ಕೊಟ್ಟಿತು.

ನಮ್ಮಲ್ಲಿ ಸಂಘ ಕಟ್ಟುವ ಹಕ್ಕು ಸಂವಿಧಾನದಲ್ಲೇ ಇದೆ. ಆದರೆ ತಮಿಳುನಾಡು ಲಕ್ಷಕ್ಕೂ ಹೆಚ್ಚು ನೌಕರರನ್ನು ಒಂದೇ ಏಟಿಗೆ ವಜಾ ಮಾಡಿದ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿತು. ಅಷ್ಟಾದರೂ 2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಕೆಲಸಕ್ಕೆ ಗೈರಾದರು, ಸರ್ಕಾರ ಅದೇ ದಿನ ಶೇ. 17ರ ಮಧ್ಯಂತರ ಪರಿಹಾರ ಘೋಷಿಸಿತು. ನ್ಯೂಯಾರ್ಕ್‌ನಂತೆ ಇಲ್ಲೂ ಮಾತುಕತೆಗೆ ಕಾನೂನಿನ ಗಟ್ಟಿ ದಾರಿ ಇದ್ದಿದ್ದರೆ, ಆ ದಿನ ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ ಬಂದವರು ಸುಮ್ನೆ ವಾಪಸ್ ಹೋಗಬೇಕಿರಲಿಲ್ಲ.